ಕ್ಷೌರದ ಅಲಗು, ಗೊಬ್ಬರದ ಗುಂಡಿ

(ಹಳ್ಳಿಗರೂ ಕಾಲೇಜು ವಿದ್ಯಾರ್ಥಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಪರಿಸರ ಸಂಬಂಧಿ ಸಭೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೊಳ್ಳುವ ವಿಷಯಗಳು ಗಾತ್ರದಲ್ಲಿ ದೊಡ್ಡವು: ಅಣೆಕಟ್ಟು, ಗಣಿ, ಹೆದ್ದಾರಿ, ಏಕಜಾತಿಯ ನೆಡುತೋಪು. ಇಂದಿನ ಉಪನ್ಯಾಸದ ವಸ್ತು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು ಉದ್ದ, ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ, ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪವಿರುವ ಉಕ್ಕಿನ ತಗಡು. ಅದರ ತೂಕ ಒಂದು ಗ್ರಾಮಿಗಿಂತಲೂ ಕಡಿಮೆ. ಇದು ಕ್ಷೌರದ ಬ್ಲೇಡು. ಗಂಡಸರು ಬೆಳಿಗ್ಗೆ ಕನ್ನಡಿಯ ಮುಂದೆ ಕಳೆಯುವ ಹತ್ತು ನಿಮಿಷದಲ್ಲಿ ಪರಿಸರ ಚಳವಳಿಗೆ ಏನು ಕೆಲಸವೆಂದು ಹಿಂದಿನ ಸಾಲಿನಲ್ಲಿ ಕುಳಿತವರು ನಗುವುದು ಸಹಜವೇ. ಗಡ್ಡ ಬಿಡಬೇಕೋ ಬೋಳಿಸಬೇಕೋ, ಮೀಸೆ ಹುರಿಯಾಗಿರಬೇಕೋ ತೆಳುವಾಗಿರಬೇಕೋ ಎಂಬ ತೀರ್ಮಾನ ಖಂಡಿತವಾಗಿ ಅವರವರದೇ. ಆದರೆ ಮೊಂಡಾದ ಬ್ಲೇಡನ್ನು ಕೈಯಲ್ಲಿ ಹಿಡಿದು, ಎಲ್ಲಿಗೆ ಎಸೆಯುವುದೆಂದು ಅತ್ತಿತ್ತ ನೋಡುವ ಕ್ಷಣದಿಂದ ಆಚೆಗೆ ಅದು ಯಾರ ಸ್ವಂತ ವಿಚಾರವಾಗಿಯೂ ಉಳಿಯುವುದಿಲ್ಲ. ಅದನ್ನು ತುಳಿಯುವವರು, ಹೆಕ್ಕುವವರು, ನುಂಗುವವರು ಬೇರೆಯೇ ಇದ್ದಾರೆ.

ಎಸೆಯುವ ಪ್ರಶ್ನೆಯೇ ಇಲ್ಲದ ಕಾಲವೊಂದಿತ್ತು. ಕ್ಷೌರಿಕನ ಹಡಪದಲ್ಲಿ ಮಡಚುವ ಕತ್ತಿ, ಮಸೆಗಲ್ಲು, ಚರ್ಮದ ಪಟ್ಟಿ, ಕತ್ತರಿ, ಚಿಕ್ಕ ಕನ್ನಡಿ, ನೀರಿನ ಬಟ್ಟಲು, ಪಟಿಕದ ತುಂಡು ಇರುತ್ತಿದ್ದವು. ಕತ್ತಿ ಮೊಂಡಾದರೆ ಕಲ್ಲಿಗೆ ಹಚ್ಚಿ ಮಸೆಯುವುದು; ಪ್ರತಿಯೊಂದು ಕ್ಷೌರಕ್ಕೂ ಮುನ್ನ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆದು ಅಲಗನ್ನು ನೇರ್ಪಡಿಸಿಕೊಳ್ಳುವುದು. ಒಂದು ಒಳ್ಳೆಯ ಕತ್ತಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಕಲ್ಲಿಗೆ ಅಂಟಿದ ಉಕ್ಕಿನ ಪುಡಿಯನ್ನು ಬಿಟ್ಟರೆ ಈ ಕಸುಬಿನಲ್ಲಿ ಕಸವೆಂಬುದೇ ಇರಲಿಲ್ಲ.

ಪರಿಸರದ ಬರಹಗಳಲ್ಲಿ ಇಂತಹ ಚಿತ್ರ ಬಂದಾಗಲೆಲ್ಲ ಅದನ್ನು ಅಲ್ಲಿಗೇ ನಿಲ್ಲಿಸಿ ನಿಟ್ಟುಸಿರು ಬಿಡುವ ರೂಢಿಯಿದೆ. ಅದು ಅರ್ಧ ಚಿತ್ರ ಮಾತ್ರ. ಆ ಕತ್ತಿಯನ್ನು ಹಿಡಿದವನಿಗೆ ಹಣದ ಕೂಲಿಯಿರಲಿಲ್ಲ. ಸುಗ್ಗಿಯಲ್ಲಿ ಅಳೆದುಕೊಡುವ ಆಯದ ಧಾನ್ಯವಿತ್ತು. ಅಳೆಯುವ ಕೈ ಎಷ್ಟು ಉದಾರವೋ ಅವನ ಮನೆಯ ಒಲೆಯೂ ಅಷ್ಟೇ ಬೆಚ್ಚಗೆ. ಊರ ಗಂಡಸರ ಕೊರಳಿಗೆ ಕತ್ತಿಯಿಡುವಷ್ಟು ನಂಬಿಕೆಗೆ ಪಾತ್ರನಾದ ವ್ಯಕ್ತಿಗೆ ಅದೇ ಗಂಡಸರ ಮನೆಯ ಒಳಜಗುಲಿಗೆ ಪ್ರವೇಶವಿರಲಿಲ್ಲ. ಇನ್ನೊಂದು ಕಡೆಯಲ್ಲಿ, ದಲಿತರ ಗಡ್ಡಕ್ಕೆ ಆ ಕತ್ತಿ ತಾಗಕೂಡದೆಂಬ ಕಟ್ಟಳೆಯನ್ನು ಊರು ಅವನ ಮೇಲೆಯೇ ಹೇರಿತ್ತು. ಕ್ಷೌರ ನಿರಾಕರಣೆಯಂತಹ ಅಸ್ಪೃಶ್ಯತೆಯ ಆಚರಣೆ 1955ರ ಕಾನೂನಿನಂತೆ ಅಪರಾಧ. 1976ರಲ್ಲಿ ಆ ಕಾನೂನಿಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದು ಹೆಸರು ಬದಲಾಯಿತು. ಆದರೂ ಕರ್ನಾಟಕದ ಹಳ್ಳಿಗಳಿಂದ ಅಂತಹ ವರದಿಗಳು ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ.

ಗಾಂಧೀಜಿಯವರ ಆತ್ಮಕಥೆಯಲ್ಲಿ ಈ ಸಂಗತಿಗೆ ಹೊಂದುವ ಒಂದು ಪ್ರಸಂಗವಿದೆ. ದಕ್ಷಿಣ ಆಫ್ರಿಕದ ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ತಲೆಗೂದಲನ್ನು ಕತ್ತರಿಸಲು ಒಪ್ಪಲಿಲ್ಲ. ಗಾಂಧೀಜಿ ಕೂದಲು ಕತ್ತರಿಸುವ ಯಂತ್ರವನ್ನು ಕೊಂಡು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಮುಂದಲೆ ಹೇಗೋ ಸರಿಹೋಯಿತು, ಹಿಂದಲೆ ಕೆಟ್ಟಿತು. ನ್ಯಾಯಾಲಯದಲ್ಲಿ ಗೆಳೆಯರು ನಕ್ಕರು. ಗಮನಿಸಬೇಕಾದದ್ದು ಆನಂತರ ಅವರು ಬರೆದಿರುವ ವಿಚಾರವನ್ನು. ಕರಿಯರಿಗೆ ಕ್ಷೌರ ಮಾಡಿದರೆ ಬಿಳಿಯ ಗಿರಾಕಿಗಳು ಬರಲಾರರೆಂಬ ಅಂಜಿಕೆ ಆ ಕ್ಷೌರಿಕನಿಗಿತ್ತು, ಆದ್ದರಿಂದ ಅವನನ್ನು ದೂರುವಂತಿಲ್ಲ, ಭಾರತದಲ್ಲಿಯೂ ಅಸ್ಪೃಶ್ಯರ ವಿಷಯದಲ್ಲಿ ನಡೆಯುತ್ತಿರುವುದು ಇದೇ ಎಂದು ಅವರು ತಿಳಿದುಕೊಂಡರು.

ಆದ್ದರಿಂದ ಅಗ್ಗದ ಬ್ಲೇಡು ಪೇಟೆಗೆ ಬಂದುದನ್ನು ಕೇವಲ ಕಸದ ಆಗಮನವೆಂದು ಬಗೆಯುವುದು ನ್ಯಾಯವಲ್ಲ. ಊರು ಕತ್ತಿಯನ್ನು ನಿರಾಕರಿಸಿದಾಗ ತನ್ನ ಗಡ್ಡವನ್ನು ತಾನೇ ಬೋಳಿಸಿಕೊಳ್ಳುವ ಸ್ವಾತಂತ್ರ್ಯವನ್ನು ಕೆಲವು ಪೈಸೆಗಳ ಆ ತಗಡು ಕೊಟ್ಟಿತು. ಕ್ಷೌರಿಕನ ಮಗನಿಗೂ ಆಯದ ಅಳತೆಯಿಂದ ಬಿಡುಗಡೆ ದೊರೆತು, ಪೇಟೆಯಲ್ಲಿ ಅಂಗಡಿ ತೆರೆದು ದರಪಟ್ಟಿ ತೂಗುಹಾಕುವ ಧೈರ್ಯ ಬಂದಿತು. ಹಳೆಯ ಕತ್ತಿಯ ಕಾಲಕ್ಕೆ ಮರಳಬೇಕೆಂಬ ಸಲಹೆ ಈ ಉಪನ್ಯಾಸದಲ್ಲಿಲ್ಲ.

ಎಸೆಯುವ ಬ್ಲೇಡು ಹುಟ್ಟಿದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಎಂಬಾತ ಸೋಡಾ ಬಾಟಲಿಯ ತಗಡಿನ ಮುಚ್ಚಳವನ್ನು ತಯಾರಿಸುವ ಕಂಪನಿಯಲ್ಲಿ ಮಾರಾಟಗಾರನಾಗಿದ್ದ. ಆ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರ್ ಅವನಿಗೊಂದು ಸಲಹೆ ಕೊಟ್ಟನಂತೆ: ಒಮ್ಮೆ ಬಳಸಿ ಎಸೆಯುವಂತಹ, ಹಾಗಾಗಿ ಗಿರಾಕಿ ಮತ್ತೆ ಮತ್ತೆ ಬರುವಂತಹ ವಸ್ತುವೊಂದನ್ನು ಯೋಚಿಸು. 1895ರಲ್ಲಿ ಒಂದು ಬೆಳಿಗ್ಗೆ ಮೊಂಡಾದ ಕತ್ತಿಯನ್ನು ಹಿಡಿದು ನಿಂತಿದ್ದ ಜಿಲೆಟನಿಗೆ ಉತ್ತರ ಹೊಳೆಯಿತು. ಕತ್ತಿಯಲ್ಲಿ ಕೆಲಸ ಮಾಡುವುದು ಅಂಚು ಮಾತ್ರ. ಉಳಿದ ಉಕ್ಕೆಲ್ಲ ಅಂಚಿಗೆ ಆಧಾರ. ಅಂಚನ್ನೇ ತೆಳು ತಗಡಾಗಿ ಮಾಡಿ, ಮೊಂಡಾದೊಡನೆ ಎಸೆದರಾಯಿತು. ಅಷ್ಟು ತೆಳುವಾದ ಉಕ್ಕನ್ನು ಹದಗೊಳಿಸುವುದು ಅಸಾಧ್ಯವೆಂದು ಲೋಹತಜ್ಞರು ಹೇಳಿದರು. ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರ್ ಅದನ್ನು ಸಾಧಿಸಿದ. ಮಾರಾಟ ಪ್ರಾರಂಭವಾದ 1903ರಲ್ಲಿ ಹೋದದ್ದು 51 ರೇಜರ್, 168 ಬ್ಲೇಡು. ಮರುವರ್ಷ ತೊಂಬತ್ತು ಸಾವಿರಕ್ಕೂ ಹೆಚ್ಚು ರೇಜರುಗಳು ಮಾರಾಟವಾದವು. 1904ರ ನವೆಂಬರಿನಲ್ಲಿ ಹಕ್ಕುಸ್ವಾಮ್ಯವೂ ಲಭಿಸಿತು. ಇದೇ ಮನುಷ್ಯ 1894ರಲ್ಲಿ, ಸ್ಪರ್ಧೆಯೆಂಬುದೇ ದುಂದುವೆಚ್ಚ, ಎಲ್ಲರಿಗಾಗಿ ಒಂದೇ ಸಾರ್ವಜನಿಕ ಕಂಪನಿ ಇರಬೇಕು, ನಯಾಗರ ಜಲಪಾತದ ಶಕ್ತಿಯಿಂದ ನಡೆಯುವ ಒಂದೇ ಮಹಾನಗರದಲ್ಲಿ ಜನರೆಲ್ಲ ಬಾಳಬೇಕು ಎಂದು ಒಂದು ಪುಸ್ತಕ ಬರೆದಿದ್ದ. ದುಂದನ್ನು ಅಷ್ಟು ದ್ವೇಷಿಸಿದವನ ಹೆಸರು ಎಸೆಯುವ ವಸ್ತುವಿನ ಮೇಲೆ ಅಚ್ಚಾಗಿ ಮನೆಮನೆಗೆ ಹೋಯಿತು.

ಗಡ್ಡ ಬೋಳಿಸುವ ಅಭ್ಯಾಸವನ್ನು ಜಗತ್ತಿಗೆ ಹರಡಿದ್ದು ಯುದ್ಧ. ಅದಕ್ಕಿಂತ ಹಿಂದೆ ಬ್ರಿಟಿಷ್ ಸೇನೆಯಲ್ಲಿ ಮೇಲ್ದುಟಿಯನ್ನು ಬೋಳಿಸುವುದೇ ನಿಷಿದ್ಧವಾಗಿತ್ತು. ಮೀಸೆ ಕಡ್ಡಾಯವೆಂಬ ಆ ನಿಯಮ ರದ್ದಾದದ್ದು 1916ರಲ್ಲಿ. 1915ರಲ್ಲಿ ಇಪ್ರೆ ಎಂಬಲ್ಲಿ ವಿಷಾನಿಲದ ದಾಳಿ ನಡೆದ ಬಳಿಕ ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ ಸೈನಿಕನಿಗೆ ಅನಿವಾರ್ಯವಾಯಿತು, ಗಡ್ಡವಿದ್ದರೆ ಅದು ಬಿಗಿಯಾಗಿ ಕೂರದು. ಅಮೆರಿಕ ಯುದ್ಧಕ್ಕಿಳಿದಾಗ ಅಲ್ಲಿನ ಸರಕಾರ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡಿತು. ಯುದ್ಧ ಮುಗಿಸಿ ಊರಿಗೆ ಹಿಂದಿರುಗಿದವರು ದಿನವೂ ತಾವೇ ಬೋಳಿಸಿಕೊಳ್ಳುವ ರೂಢಿಯನ್ನು ಜೊತೆಗೇ ತಂದರು.

ಆಗ ಅಮೆರಿಕದ ಮನೆಗಳಲ್ಲಿ ಒಂದು ವಿಚಿತ್ರ ಏರ್ಪಾಡು ಬಳಕೆಗೆ ಬಂದಿತು. ಸ್ನಾನದ ಕೋಣೆಯ ಗೋಡೆಯಲ್ಲಿ ಹುದುಗಿಸುವ ಕನ್ನಡಿ ಬೀರುವಿನ ಹಿಂಬದಿಯಲ್ಲಿ ಸಣ್ಣದೊಂದು ಸೀಳು. ಮೊಂಡಾದ ಬ್ಲೇಡನ್ನು ಅದರೊಳಗೆ ತೂರಿದರೆ ಸರಿ, ಕಣ್ಮರೆ. ಸೀಳಿನ ಆಚೆ ಇದ್ದದ್ದು ಪೆಟ್ಟಿಗೆಯಲ್ಲ; ಗೋಡೆಯ ಎರಡು ಹಲಗೆಗಳ ನಡುವಿನ ಪೊಳ್ಳು. ದಶಕಗಳ ಕಾಲ ಬ್ಲೇಡುಗಳು ಆ ಪೊಳ್ಳಿಗೆ ಬೀಳುತ್ತ ಹೋದವು. ಇಂದು ಆ ಮನೆಗಳನ್ನು ದುರಸ್ತಿ ಮಾಡಲು ಗೋಡೆ ಒಡೆಯುವ ಕೆಲಸಗಾರರ ಕಾಲ ಬುಡಕ್ಕೆ ತುಕ್ಕು ಹಿಡಿದ ನೂರಾರು ಬ್ಲೇಡುಗಳು ಸುರಿಯುತ್ತವೆ.

ಮಲೆನಾಡಿನ ಮನೆಗಳ ಗೋಡೆಗೆ ಅಂತಹ ಪೊಳ್ಳಿಲ್ಲ. ಆದರೆ ಕಣ್ಮರೆಯ ಜಾಗಗಳಿಗೆ ಬರವಿಲ್ಲ. ಬಚ್ಚಲ ಗೋಡೆಯ ಸಂದು, ಹಂಚಿನ ಮಾಡಿನ ಸೂರು, ಹಿತ್ತಿಲ ಬಾಳೆಯ ಬುಡ, ಬೇಲಿಯಾಚೆಯ ಹಳ್ಳ. ಬಹುಮಂದಿಗೆ ಅತ್ಯಂತ ಸಮೀಪದ್ದು ನೀರು ಕಾಯಿಸುವ ಬಚ್ಚಲೊಲೆ. ಕಾಗದ, ಪ್ಲಾಸ್ಟಿಕ್ ಕೊಟ್ಟೆ, ಬ್ಲೇಡು, ಎಲ್ಲವೂ ಅಲ್ಲಿಗೇ. ಬೆಂಕಿಗೆ ಹಾಕಿದ್ದು ಇಲ್ಲವಾಯಿತೆಂಬ ಭಾವನೆ ಮನುಷ್ಯನಿಗೆ ಸಹಜ. ಉಕ್ಕು ಕರಗುವುದಕ್ಕೆ ಬೇಕಾದ ಸುಮಾರು 1,400 ಡಿಗ್ರಿ ಉಷ್ಣತೆ ಹಂಡೆಯ ಕೆಳಗಿನ ಕಟ್ಟಿಗೆಯ ಬೆಂಕಿಯಲ್ಲಿ ಎಂದಿಗೂ ಬರುವುದಿಲ್ಲ. ಬ್ಲೇಡಿನ ಹದ ಸ್ವಲ್ಪ ಕೆಡುತ್ತದೆ, ಬಣ್ಣ ಕಪ್ಪಾಗುತ್ತದೆ. ಅಲಗು ಮಾತ್ರ ಬೂದಿಯಲ್ಲಿ ಹಾಗೆಯೇ ಕುಳಿತಿರುತ್ತದೆ. ಬಚ್ಚಲೊಲೆಯ ಬೂದಿ ಹೋಗುವುದು ಗೊಬ್ಬರದ ಗುಂಡಿಗೆ ಅಥವಾ ತರಕಾರಿ ಪಾತಿಗೆ. ಗೊಬ್ಬರ ಹೋಗುವುದು ಅಡಿಕೆ ಮರದ ಬುಡಕ್ಕೆ. ಅಲ್ಲಿ ಬರಿಗೈಯಲ್ಲಿ ಸೊಪ್ಪು ಹರಡುವವರು, ಬರಿಗಾಲಲ್ಲಿ ಕಳೆ ಕೀಳುವವರು ಯಾರೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಅವರಲ್ಲಿ ಹೆಚ್ಚಿನವರು ಗಡ್ಡವೇ ಬಾರದ ಹೆಂಗಸರು.

ಮಣ್ಣಿನಲ್ಲಿ ಹೂತರೆ ತುಕ್ಕು ಹಿಡಿದು ಕರಗಿಹೋಗುತ್ತದೆಂಬ ಸಮಾಧಾನವೂ ಪ್ರಚಲಿತವಾಗಿದೆ. ಹಿರಿಯರ ಕಾಲದ ಬ್ಲೇಡಿನ ಮಟ್ಟಿಗೆ ಅದು ಬಹುಪಾಲು ನಿಜ. ಅದು ಸಾಮಾನ್ಯ ಇಂಗಾಲದ ಉಕ್ಕು. ಒದ್ದೆಯಾಗಿಯೇ ಇಟ್ಟರೆ ಮರುದಿನವೇ ಕೆಂಪಾಗುತ್ತಿತ್ತು. ಮಲೆನಾಡಿನ ಹುಳಿ ಮಣ್ಣು ಮತ್ತು ನಾಲ್ಕು ತಿಂಗಳ ಮಳೆ ಅದನ್ನು ಬೇಗನೆ ತಿಂದುಹಾಕುತ್ತಿದ್ದವು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ವಿಲ್ಕಿನ್ಸನ್ ಕಂಪನಿಯ ತುಕ್ಕುರಹಿತ ಉಕ್ಕಿನ ಬ್ಲೇಡು ಜನಪ್ರಿಯವಾದ ಮೇಲೆ ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಈಗ ಅಂಗಡಿಯಲ್ಲಿ ದೊರೆಯುವ ಬ್ಲೇಡಿನ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿಮೂರು ಪಾಲು ಕ್ರೋಮಿಯಂ ಇರುತ್ತದೆ. ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ತುಕ್ಕನ್ನು ತಡೆಯುವುದು ಆ ಪೊರೆಯೇ. ಗ್ರಾಹಕನಿಗೆ ಅನುಕೂಲವಾದ ಈ ಗುಣವೇ ಮಣ್ಣಿಗೆ ಅನನುಕೂಲವಾಯಿತು. ಅಜ್ಜ ಎಸೆದ ಬ್ಲೇಡನ್ನು ಮಣ್ಣು ಜೀರ್ಣಿಸಿಕೊಂಡಿತು. ಮೊಮ್ಮಗ ಎಸೆದದ್ದು ಗುದ್ದಲಿಗೆ ಸಿಕ್ಕಿದಾಗ ಇನ್ನೂ ಹೊಳೆಯುತ್ತಿರುತ್ತದೆ.

ಒಂದು ಲೆಕ್ಕ ಹಾಕಿ ನೋಡಬಹುದು. ನೂರು ಮಂದಿ ಕ್ಷೌರ ಮಾಡಿಕೊಳ್ಳುವ ಗಂಡಸರಿರುವ ಒಂದು ಊರು. ತಲೆಗೆ ವಾರಕ್ಕೊಂದು ಬ್ಲೇಡು. ವರ್ಷಕ್ಕೆ 5,200. ತೂಗಿದರೆ ಮೂರು ಕಿಲೋ ಚಿಲ್ಲರೆ, ಒಂದು ಕೊಡಲಿ ಒಂದು ಗುದ್ದಲಿಯ ಕಬ್ಬಿಣದಷ್ಟೂ ಆಗದು. ತೂಕದ ಲೆಕ್ಕದಲ್ಲಿ ಇದು ಸಮಸ್ಯೆಯೇ ಅಲ್ಲ. ಪಂಚಾಯಿತಿಗಳ ಕಸದ ಲೆಕ್ಕಪುಸ್ತಕದಲ್ಲಿ ಬ್ಲೇಡಿಗೆ ಪ್ರತ್ಯೇಕ ಕಲಮು ಇಲ್ಲದಿರುವುದಕ್ಕೂ ಇದೇ ಕಾರಣವಿರಬೇಕು. ಆದರೆ ಒಂದೊಂದು ಬ್ಲೇಡಿಗೂ ನಾಲ್ಕು ಸೆಂಟಿಮೀಟರಿನಷ್ಟು ಉದ್ದದ ಎರಡೆರಡು ಅಲಗುಗಳಿವೆ. ಸಾಲಾಗಿ ಜೋಡಿಸಿದರೆ ವರ್ಷವೊಂದಕ್ಕೆ ಸುಮಾರು ನಾಲ್ಕು ನೂರು ಮೀಟರ್ ಹರಿತವಾದ ಅಂಚು. ಬ್ಲೇಡನ್ನು ಕಿಲೋದಲ್ಲಿ ಅಳೆಯುವುದಕ್ಕಿಂತ ಮೀಟರಿನಲ್ಲಿ ಅಳೆಯುವುದು ಹೆಚ್ಚು ಸೂಕ್ತ.

ಕೊಟ್ಟಿಗೆಯ ಮಾತು ಇನ್ನೂ ಗಂಭೀರವಾದದ್ದು. ಕುದುರೆ, ಆಡು ತುಟಿಯಿಂದ ಆರಿಸಿ ತಿನ್ನುತ್ತವೆ. ದನ ಹಾಗಲ್ಲ, ನಾಲಿಗೆಯಿಂದ ಸುತ್ತಿ ಒಳಗೆಳೆದು, ಸರಿಯಾಗಿ ಅಗಿಯದೆ ನುಂಗುತ್ತದೆ, ಮೆಲುಕು ಹಾಕುವುದು ಆಮೇಲೆ. ಹುಲ್ಲು, ಅಕ್ಕಚ್ಚು, ಬಾಳೆಸಿಪ್ಪೆಗಳೊಡನೆ ಮೊಳೆ, ತಂತಿ, ಸೂಜಿ, ಬ್ಲೇಡಿನ ಚೂರು ಒಳಗೆ ಹೋದರೂ ಅದಕ್ಕೆ ತಿಳಿಯುವುದಿಲ್ಲ. ಭಾರವಾದ ಲೋಹ ಹೋಗಿ ನಿಲ್ಲುವುದು ಹೊಟ್ಟೆಯ ಎರಡನೆಯ ಕೋಣೆಯಲ್ಲಿ, ಜೇನುಹುಟ್ಟಿನಂತಹ ಒಳಮೈಯುಳ್ಳ ಭಾಗದಲ್ಲಿ. ಆ ಕೋಣೆಗೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಹೊಟ್ಟೆ ಹಿಂಡಿದಾಗಲೆಲ್ಲ ಚೂರು ಮುಂದಕ್ಕೆ ಸರಿಯುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಕರುವಿನ ಒತ್ತಡವೂ ಸೇರಿ ಅದನ್ನು ಇನ್ನಷ್ಟು ತಳ್ಳುತ್ತದೆ. ಮೇವು ಬಿಡುವುದು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಬೆನ್ನು ಬಾಗಿಸಿ ನಿಲ್ಲುವುದು, ಮುಂಗಾಲಿನ ಮೊಣಕೈಗಳನ್ನು ಹೊರಚಾಚುವುದು, ಮಲಗುವಾಗ ನರಳುವುದು ಇದರ ಲಕ್ಷಣಗಳು. ಗುಡ್ಡದ ಊರಿನವರು ಬೇಗನೆ ಗುರುತಿಸಬಹುದಾದ ಇನ್ನೊಂದು ಲಕ್ಷಣವೂ ಉಂಟು: ಏರನ್ನು ಹೇಗೋ ಹತ್ತುವ ದನ ಇಳಿಜಾರಿನಲ್ಲಿ ಇಳಿಯಲು ಒಲ್ಲೆನ್ನುತ್ತದೆ, ಇಳಿಯುವಾಗ ಹೊಟ್ಟೆಯ ಭಾರವೆಲ್ಲ ಮುಂದಕ್ಕೆ ಬಂದು ನೋವು ಹೆಚ್ಚುತ್ತದೆ. ಗಂಗೆದೊಗಲಿನಲ್ಲಿ ಊತ ಕಾಣಿಸಿಕೊಂಡ ಮೇಲೆ ಪಶುವೈದ್ಯರ ಕೈಯಲ್ಲಿಯೂ ಉಳಿಯುವ ಸಾಧ್ಯತೆ ಕಡಿಮೆ. ಇಂತಹ ಪ್ರಕರಣಗಳಲ್ಲಿ ತಂತಿ ಮತ್ತು ಮೊಳೆಗಳದೇ ದೊಡ್ಡ ಪಾಲು, ಬ್ಲೇಡಿನದು ಸಣ್ಣದು. ಆದರೆ ತಂತಿ ಬೇಲಿಯಿಂದ ಜಾರಿ ಬೀಳುತ್ತದೆ, ಬ್ಲೇಡು ಕೈಯಿಂದಲೇ ಬೀಳುತ್ತದೆ.

ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳು ತಲೆಯೆತ್ತಿವೆ. ಮನೆಮನೆಗೆ ಕಸದ ವಾಹನ ಬರುತ್ತಿದೆ. ಒಳ್ಳೆಯ ಬೆಳವಣಿಗೆ. ಅಲ್ಲಿ ಒಣಕಸವನ್ನು ಬಿಡಿಸಿ ವಿಂಗಡಿಸುವವರು ಸ್ವಸಹಾಯ ಸಂಘಗಳ ಮಹಿಳೆಯರು. ಕೈಗವಸು ಕೊಟ್ಟಿದ್ದರೂ ಸೆಕೆಗೆ ತೆಗೆದಿಟ್ಟಿರುತ್ತಾರೆ. ಹಾಲಿನ ಕೊಟ್ಟೆಯೊಳಗೆ ಮುದುಡಿ ಹಾಕಿದ ಬ್ಲೇಡು ಹೊರಗಿನಿಂದ ಕಾಣುವುದಿಲ್ಲ. ಗಾಯದೊಡನೆ ಧನುರ್ವಾಯುವಿನ ಭಯ. ಬಳಸಿದ ಬ್ಲೇಡಿನಲ್ಲಿ ರಕ್ತದ ಅಂಶವಿದ್ದರೆ ಕಾಮಾಲೆಗೆ ಕಾರಣವಾಗುವ ಹೆಪಟೈಟಿಸ್ ಬಿ ವೈರಸ್ಸಿನ ಭಯ. ಆ ವೈರಸ್ಸು ಒಣಗಿದ ರಕ್ತದಲ್ಲಿಯೂ ಒಂದು ವಾರದವರೆಗೆ ಜೀವ ಹಿಡಿದಿರಬಲ್ಲದು.

ಇನ್ನು ಪ್ಲಾಸ್ಟಿಕ್ ರೇಜರುಗಳು. 1970ರ ದಶಕದಲ್ಲಿ ಎರಡು ಬದಲಾವಣೆಗಳಾದವು. 1971ರಲ್ಲಿ ಎರಡು ಅಲಗುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಕಾರ್ಟ್ರಿಡ್ಜ್ ಬಂದಿತು. ದಶಕದ ಮಧ್ಯದಲ್ಲಿ ಹಿಡಿಸಮೇತ ಎಸೆಯುವ ರೇಜರನ್ನು ಬಿಕ್ ಕಂಪನಿ ತಂದಿತು. ಆನಂತರ ಅಲಗುಗಳ ಸಂಖ್ಯೆ 1998ರಲ್ಲಿ ಮೂರಕ್ಕೆ, 2006ರ ಹೊತ್ತಿಗೆ ಐದಕ್ಕೆ ಏರಿತು. ಐದನೆಯ ಅಲಗು ಗಂಡಸಿನ ಕೆನ್ನೆಗೆ ಮಾಡುವ ಉಪಕಾರವೇನೆಂಬುದು ಜಾಹೀರಾತು ಬರೆಯುವವರಿಗೆ ಮಾತ್ರ ಗೊತ್ತು. ಉಕ್ಕು, ಎರಡು ಮೂರು ಬಗೆಯ ಪ್ಲಾಸ್ಟಿಕ್, ರಬ್ಬರಿನಂತಹ ಅಂಚು, ಜಾರಿಕೆಯ ಪಟ್ಟಿ, ಇವೆಲ್ಲ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿರುವ ಈ ವಸ್ತುವನ್ನು ಗುಜರಿಯವರು ಮುಟ್ಟುವುದಿಲ್ಲ. ಬಚ್ಚಲೊಲೆಗೆ ಹಾಕಿದರೆ ಕಮಟು ಹೊಗೆ. ಬಿಡಿ ಬ್ಲೇಡಿಗೆ ಇರುವ ಒಂದು ದೊಡ್ಡ ಗುಣ ಇದಕ್ಕಿಲ್ಲ: ಬಿಡಿ ಬ್ಲೇಡು ಆದ್ಯಂತ ಉಕ್ಕು, ಕರಗಿಸಿದರೆ ಮತ್ತೆ ಉಕ್ಕಾಗುತ್ತದೆ. ಉಕ್ಕಿನ ಅಥವಾ ಹಿತ್ತಾಳೆಯ ಹಿಡಿಯುಳ್ಳ ಹಳೆಯ ಮಾದರಿಯ ರೇಜರು ಒಬ್ಬನ ಆಯುಷ್ಯಕ್ಕೆ ಸಾಕು. ಖರ್ಚಿನ ಲೆಕ್ಕದಲ್ಲಿಯೂ ಹಲವು ಅಲಗಿನ ಒಂದು ಕಾರ್ಟ್ರಿಡ್ಜಿನ ಬೆಲೆಗೆ ಹತ್ತಾರು ಬಿಡಿ ಬ್ಲೇಡುಗಳು ಬರುತ್ತವೆ. ಕ್ಷೌರದ ಹವ್ಯಾಸಿಗಳು ಮಾತ್ರ ಬಳಸುತ್ತಾರೆಂದು ಈಗ ನಗರಗಳಲ್ಲಿ ತಿಳಿದಿರುವ ಈ ರೇಜರು ಹಳ್ಳಿಯ ಎಷ್ಟೋ ಮನೆಗಳ ಕನ್ನಡಿಯ ಗೂಡಿನಲ್ಲಿ ಇನ್ನೂ ಇದೆ. ಹಳತೆಂದು ಎಸೆಯುವ ಮುನ್ನ ಮಗ ಒಮ್ಮೆ ಅಪ್ಪನನ್ನು ಕೇಳುವುದು ಒಳ್ಳೆಯದು.

ಕಂಪನಿಗಳ ಕೊಠಡಿಗೂ ಹಳ್ಳಿಯ ಅಂಗಳಕ್ಕೂ ಇರುವ ಅಂತರಕ್ಕೆ ಒಂದು ದೃಷ್ಟಾಂತ. 2000ದ ದಶಕದ ಆರಂಭದಲ್ಲಿ ಭಾರತಕ್ಕೆಂದು ಸಿದ್ಧಪಡಿಸಿದ ಒಂದು ರೇಜರನ್ನು ಜಿಲೆಟ್ ಕಂಪನಿ ಪರೀಕ್ಷಿಸಿದ್ದು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಮೇಲೆ. ಅವರೆಲ್ಲ ಮೆಚ್ಚಿದರು. ಭಾರತಕ್ಕೆ ಬಂದಾಗ ಅದು ಸೋತಿತು. ಕಾರಣ ಸರಳ: ಆ ವಿದ್ಯಾರ್ಥಿಗಳಿಗೆ ಹರಿಯುವ ನಲ್ಲಿಯಿತ್ತು, ಭಾರತದ ಹಳ್ಳಿಯವನು ನೆಲದ ಮೇಲೆ ಕುಳಿತು ಒಂದು ಬಟ್ಟಲು ನೀರಿನಲ್ಲಿ ಕ್ಷೌರ ಮುಗಿಸುತ್ತಿದ್ದ. ಬಟ್ಟಲ ನೀರಿನಲ್ಲಿ ಅಲ್ಲಾಡಿಸಿದರೆ ಅಲಗುಗಳ ನಡುವೆ ಸಿಕ್ಕಿದ ಕೂದಲು ಬಿಡುತ್ತಿರಲಿಲ್ಲ. ಕಂಪನಿಯವರು ಬಳಿಕ ಭಾರತದ ಮನೆಗಳಲ್ಲಿ ಕುಳಿತು ನೋಡಿ, 2010ರಲ್ಲಿ ಒಂದೇ ಅಲಗಿನ ಬೇರೊಂದು ರೇಜರನ್ನು ಹದಿನೈದು ರೂಪಾಯಿಗೆ ತಂದರು. ಅದು ಚೆನ್ನಾಗಿಯೇ ಮಾರಾಟವಾಯಿತು. ಪ್ಲಾಸ್ಟಿಕ್ ಕಾರ್ಟ್ರಿಡ್ಜಿನ ಅಭ್ಯಾಸವೂ ಅದರೊಡನೆ ಹಳ್ಳಿಯನ್ನು ಹೊಕ್ಕಿತು.

ಆ ಬಟ್ಟಲು ನೀರಿನ ಪದ್ಧತಿಯೇ ಮೇಲಾದದ್ದು. ನಿಮಿಷಕ್ಕೆ ಆರು ಲೀಟರ್ ಸುರಿಸುವ ನಲ್ಲಿಯನ್ನು ಐದು ನಿಮಿಷ ತೆರೆದಿಟ್ಟುಕೊಂಡು ಕ್ಷೌರ ಮಾಡಿದರೆ ಮೂವತ್ತು ಲೀಟರ್ ನೀರು ಹೋಯಿತು. ಏಪ್ರಿಲ್ ತಿಂಗಳಲ್ಲಿ ಅಬ್ಬಿಯ ನೀರು ಬೆರಳಿನ ಗಾತ್ರಕ್ಕೆ ಇಳಿದಾಗ ಮೂವತ್ತು ಲೀಟರಿನ ಬೆಲೆ ಏನೆಂಬುದು ಮಲೆನಾಡಿನ ಹೆಂಗಸರಿಗೆ ಗೊತ್ತಿದೆ.

ಬ್ಲೇಡು ಬೇಗ ಮೊಂಡಾಗದಂತೆ ನೋಡಿಕೊಳ್ಳುವುದು ಕಸವನ್ನು ಕಡಿಮೆ ಮಾಡುವ ಮೊದಲ ದಾರಿ. ಕೂದಲಿಗಿಂತ ಉಕ್ಕು ಸುಮಾರು ಐವತ್ತು ಪಟ್ಟು ಗಟ್ಟಿ. ಹಾಗಿದ್ದೂ ಕೂದಲು ಉಕ್ಕನ್ನು ಹೇಗೆ ಸೋಲಿಸುತ್ತದೆ? ಎಂಐಟಿಯ ಲೋಹವಿಜ್ಞಾನಿಗಳು ಇದನ್ನು ಶೋಧಿಸಿ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರಲ್ಲೊಬ್ಬರು ತಮ್ಮ ಗಡ್ಡವನ್ನೇ ಬೋಳಿಸಿಕೊಂಡು ಪ್ರತಿಸಲವೂ ಬ್ಲೇಡನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅಲಗು ಸವೆದು ದುಂಡಗಾಗುವುದಕ್ಕಿಂತ ಹೆಚ್ಚಾಗಿ ಅಲ್ಲಲ್ಲಿ ಚಕ್ಕೆಯೇಳುತ್ತದೆಂಬುದು ಅವರು ಕಂಡ ಸಂಗತಿ. ಅಲಗು ಕೂದಲನ್ನು ತಾಗಿದಾಗ ಕೂದಲು ಬಾಗುತ್ತದೆ, ಅಲಗಿಗೆ ಓರೆಯಾಗಿ ಒತ್ತಡ ಬೀಳುತ್ತದೆ. ಉಕ್ಕಿನ ರಚನೆ ಏಕರೂಪವಾಗಿಲ್ಲದ ಜಾಗದಲ್ಲಿ ಚೂರು ಏಳುತ್ತದೆ. ಗಡ್ಡಕ್ಕೆ ಒಳ್ಳೆಯ ಬ್ಲೇಡೆಂದರೆ ಗಟ್ಟಿಯಾದದ್ದಷ್ಟೇ ಅಲ್ಲ, ರಚನೆಯಲ್ಲಿ ಏಕರೂಪವಾದದ್ದೂ ಹೌದು.

ಬಳಸುವವನ ಕೈಯಲ್ಲಿರುವುದು ಕೂದಲನ್ನು ಮೆದುಗೊಳಿಸುವ ಕೆಲಸ. ನೆನೆದ ಕೂದ‌ಲು ನೀರನ್ನು ಹೀರಿ ಉಬ್ಬುತ್ತದೆ, ಅದನ್ನು ಕತ್ತರಿಸಲು ಬೇಕಾಗುವ ಬಲ ಬಹಳಷ್ಟು ಇಳಿಯುತ್ತದೆ. ಎರಡು ಮೂರು ನಿಮಿಷ ನೆನೆಸಬೇಕು, ಬಿಸಿನೀರಾದರೆ ಇನ್ನೂ ಬೇಗ. ಆದ್ದರಿಂದ ಸ್ನಾನದ ಬಳಿಕ ಕ್ಷೌರ ಮಾಡಿಕೊಳ್ಳುವುದು ವಿಜ್ಞಾನಕ್ಕೆ ಒಪ್ಪುವ ಕ್ರಮ. ಕ್ಷೌರದ ನಂತರ ಸ್ನಾನವೆಂಬ ಮಡಿಯ ಕಟ್ಟಳೆಯನ್ನು ಬಿಡಲಾರದವರು ಮೊದಲು ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡರೂ ಆದೀತು. ಕುಂಚದಿಂದ ನೊರೆಯೆಬ್ಬಿಸುವ ಸೋಪು ಸಾಕು. ಡಬ್ಬಿಯಿಂದ ಬುಸ್ಸೆಂದು ಬರುವ ನೊರೆಗೆ ಬ್ಯುಟೇನಿನಂತಹ ಅನಿಲದ ಒತ್ತಡವಿರುತ್ತದೆ. ಖಾಲಿಯಾದ ಡಬ್ಬಿ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಬಳಸಿದ ಬ್ಲೇಡನ್ನು ತೊಳೆದು, ನೀರು ಕೊಡವಿ, ಒಣಗಿದ ಜಾಗದಲ್ಲಿ ಇಡಬೇಕು. ಅಂಚನ್ನು ಬಟ್ಟೆಯಿಂದ ಒರೆಸಬಾರದು. ಹಿಂದೆ ಗಾಜಿನ ಲೋಟದ ಒಳಮೈಗೆ ಬ್ಲೇಡನ್ನು ಉಜ್ಜಿ ಹರಿತ ಮಾಡಿಕೊಳ್ಳುತ್ತಿದ್ದ ಮಿತವ್ಯಯಿಗಳು ಊರೂರಿನಲ್ಲಿದ್ದರು. ಇಂದಿನ ಬ್ಲೇಡಿನ ಅಂಚಿಗೆ ತೆಳುವಾದ ಲೇಪನಗಳಿರುವುದರಿಂದ ಆ ಉಪಾಯ ಅಷ್ಟು ಫಲ ಕೊಡುವುದಿಲ್ಲ.

ಮಿತವ್ಯಯ ಸಲ್ಲದ ಜಾಗಗಳೂ ಇವೆ. ಕ್ಷೌರದಂಗಡಿಯಲ್ಲಿ ಗಿರಾಕಿಗೊಂದು ಹೊಸ ಅಲಗು ಬೇಕೇ ಬೇಕು. ಏಡ್ಸ್ ಕುರಿತ ಅರಿವು ಹರಡಿದ ಮೇಲೆ ಕ್ಷೌರಿಕರು ಹಳೆಯ ಕತ್ತಿಯನ್ನು ಬಿಟ್ಟು ಅರ್ಧ ಬ್ಲೇಡು ಸಿಕ್ಕಿಸುವ ಹಿಡಿಗೆ ಬಂದರು. ಅದು ಜೀವ ಉಳಿಸುವ ಕಸ, ಅದನ್ನು ಕಡಿಮೆ ಮಾಡಿ ಎನ್ನಬಾರದು. ನೆಲ್ಲಿ, ಮಾವು, ಜಾಯಿಕಾಯಿಗಳಿಗೆ ಕಸಿ ಕಟ್ಟುವವರಿಗೂ ಇದೇ ಮಾತು. ಮೊಂಡಾದ ಬ್ಲೇಡಿನಿಂದ ಕೊಯ್ದ ಕಡ್ಡಿಯ ಅಂಗಾಂಶ ಜಜ್ಜಿಹೋಗಿ ಕಸಿ ಕೂಡುವುದಿಲ್ಲ. ರೋಗವಿರುವ ಗಿಡವನ್ನು ಕೊಯ್ದ ಬ್ಲೇಡಿನಿಂದ ಮತ್ತೊಂದನ್ನು ಕೊಯ್ಯಕೂಡದು. ಒಂದು ಅಂಗಡಿಯಲ್ಲಿ ದಿನಕ್ಕೆ ಇಪ್ಪತ್ತು ಮಂದಿಗೆ ಕ್ಷೌರವಾದರೆ ಹತ್ತು ಬ್ಲೇಡು. ಮಂಗಳವಾರದ ರಜೆಯನ್ನು ಕಳೆದರೂ ವರ್ಷಕ್ಕೆ ಮೂರು ಸಾವಿರ ಮೀರುತ್ತದೆ. ಇವೆಲ್ಲ ಬಹುತೇಕ ಒಂದೇ ಜಾಗದಲ್ಲಿ ಉತ್ಪತ್ತಿಯಾಗುವುದರಿಂದ ಸಂಗ್ರಹ ಸುಲಭ. ಪಂಚಾಯಿತಿಯವರು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ವಿದ್ಯಾರ್ಥಿಗಳು ಗಡ್ಡ ಬಿಟ್ಟಿರುವುದನ್ನು ಕಂಡು ಹಿರಿಯರು ಮೂಗು ಮುರಿಯುತ್ತಾರೆ. 2018ರಲ್ಲಿ ‘ಕೆಜಿಎಫ್’ ಚಲನಚಿತ್ರ ಬಂದ ಮೇಲೆ ಕಾಲೇಜುಗಳಲ್ಲಿ ಗಡ್ಡದ ಕಾಡೇ ಬೆಳೆಯಿತು. ಬ್ಲೇಡಿನ ದೃಷ್ಟಿಯಿಂದ ಇದು ಸ್ವಾಗತಾರ್ಹ. ಗಡ್ಡದ ಖಯಾಲಿ ಜಗತ್ತಿನ ಎಷ್ಟೋ ಕಡೆ ಹಬ್ಬಿ, ಜಿಲೆಟನ್ನು 2005ರಲ್ಲಿ ಕೊಂಡಿದ್ದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ 2019ರಲ್ಲಿ ಅದರ ಮೌಲ್ಯವನ್ನು ತನ್ನ ಲೆಕ್ಕದಲ್ಲಿ 800 ಕೋಟಿ ಡಾಲರಿನಷ್ಟು ಇಳಿಸಬೇಕಾಯಿತು. ಜನ ಕ್ಷೌರ ಕಡಿಮೆ ಮಾಡಿದ್ದು ಅದಕ್ಕಿದ್ದ ಕಾರಣಗಳಲ್ಲೊಂದು. ಆದರೆ ಗಡ್ಡವನ್ನು ಒಪ್ಪವಾಗಿಡುವ ಟ್ರಿಮ್ಮರಿನೊಳಗೆ ಲಿಥಿಯಂ ಬ್ಯಾಟರಿಯಿದೆ. ಅದನ್ನು ಬ್ಲೇಡಿನಂತೆ ಬಚ್ಚಲೊಲೆಗೆ ಹಾಕುವ ಸಾಹಸವನ್ನು ಯಾರೂ ಮಾಡಕೂಡದು.

ಕೊನೆಯದಾಗಿ ಮಾಡಬಹುದಾದ ಕೆಲಸ. ಗಟ್ಟಿ ಹಾಲಿನ ಅಥವಾ ಅಂಥದೇ ಒಂದು ತಗಡಿನ ಡಬ್ಬಿ. ಮುಚ್ಚಳದಲ್ಲಿ ಉಳಿಯಿಂದ ಹೊಡೆದ ಒಂದು ಸೀಳು. ಮೇಲೆ ಬಣ್ಣದಲ್ಲಿ ‘ಬ್ಲೇಡು’ ಎಂಬ ಬರಹ. ಮೇಲ್ಮುಚ್ಚಳ ತೆರೆಯದಂತೆ ಬೆಸುಗೆ ಹಾಕಿಸಿದರೆ ಅಥವಾ ತಂತಿ ಬಿಗಿದರೆ ಮಕ್ಕಳ ಕೈಗೆ ಸಿಗುವ ಭಯವಿಲ್ಲ. ಪ್ಲಾಸ್ಟಿಕ್ ಬಾಟಲಿ ಬೇಡ: ತಗಡಿನ ಡಬ್ಬಿಯೂ ಉಕ್ಕು, ಒಳಗಿನದೂ ಉಕ್ಕು, ಎರಡನ್ನೂ ಒಟ್ಟಿಗೇ ಕರಗಿಸಬಹುದು. ವಾರಕ್ಕೊಂದು ಬ್ಲೇಡು ಬಳಸುವವನಿಗೆ ವರ್ಷಕ್ಕೆ 52 ಬ್ಲೇಡು. ಡಬ್ಬಿ ತುಂಬಲು ಹಲವು ವರ್ಷ ಹಿಡಿಯುತ್ತದೆ. ತುಂಬಿದ ಮೇಲೆ ಸೀಳನ್ನು ಸುತ್ತಿಗೆಯಿಂದ ಬಡಿದು ಮುಚ್ಚಿ, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಿ, ಸ್ವಚ್ಛ ಸಂಕೀರ್ಣದವರಿಗೋ ಗುಜರಿಯವರಿಗೋ ಕೊಡಬೇಕು. ಕ್ಷೌರದಂಗಡಿಗೆ ಇದಕ್ಕಿಂತ ದೊಡ್ಡದಾದ ಎಣ್ಣೆಯ ಡಬ್ಬಿ ಬೇಕಾದೀತು.

ಈಗಾಗಲೇ ಬೂದಿಗೂ ಗೊಬ್ಬರಕ್ಕೂ ಸೇರಿಹೋಗಿರುವ ಬ್ಲೇಡುಗಳ ಪ್ರಶ್ನೆ ಉಳಿಯಿತು. ಅಡುಗೆಮನೆಯ ಸ್ಟೀಲಿನ ಪಾತ್ರೆಗಳಲ್ಲಿ ಹಲವನ್ನು ಅಯಸ್ಕಾಂತ ಹಿಡಿಯುವುದಿಲ್ಲ. ಬ್ಲೇಡಿನ ಉಕ್ಕು ಬೇರೆ ಜಾತಿಯದು, ಅದನ್ನು ಹಿಡಿಯುತ್ತದೆ. ಕೆಟ್ಟುಹೋದ ರೇಡಿಯೋದ ಅಥವಾ ಧ್ವನಿವರ್ಧಕದ ಅಯಸ್ಕಾಂತವನ್ನು ಬಿಚ್ಚಿ ಒಂದು ಕೋಲಿನ ತುದಿಗೆ ಬಿಗಿದು, ಬೂದಿಯನ್ನು ತೋಟಕ್ಕೆ ಒಯ್ಯುವ ಮುನ್ನ ಅದರಲ್ಲಿ ಆಡಿಸಿದರೆ ಬ್ಲೇಡಷ್ಟೇ ಅಲ್ಲ, ಮೊಳೆ, ಸೂಜಿ, ತಂತಿಯ ಚೂರುಗಳೂ ಅಂಟಿಕೊಂಡು ಬರುತ್ತವೆ. ಗೊಬ್ಬರವನ್ನು ತೆಳುವಾಗಿ ಹರಡಿಕೊಂಡು ಆಡಿಸಬೇಕು, ಅಯಸ್ಕಾಂತದ ಸೆಳೆತ ಕೆಲವು ಬೆರಳುಗಳ ಆಳಕ್ಕಿಂತ ಹೆಚ್ಚು ಹೋಗುವುದಿಲ್ಲ. ಬೂದಿಯಾದರೆ ಪೂರ್ಣ ತಣಿದ ಮೇಲೆಯೇ ಆಡಿಸಬೇಕು. ಬಿಸಿಗೆ ಅಯಸ್ಕಾಂತದ ಬಲ ಕುಂದುತ್ತದೆ.